ಮರಿಯ ಹೊಟ್ಟೆಗೆ ಮೊದಲು ಯಾರು ಬಂದರು: ಫಿನ್ಲೆಂಡಿನ ಒಂದು ಸಾಲ್ಮೊನೆಲ್ಲಾ ಪ್ರಕರಣ

ಪ್ರೋಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದು ಅಂತ ಕೊಡುವ ಜೀವಂತ ಬ್ಯಾಕ್ಟೀರಿಯಾದಂಥವುಗಳ ವಿಷಯ ಬಂದರೆ ಕೋಳಿ ಸಾಕುವವರಲ್ಲಿ ಎರಡು ಗುಂಪು. "ಹಾಕಿ ನೋಡಿದ್ವಿ, ದುಡ್ಡು ದಂಡ" ಅನ್ನುವವರು ಕೆಲವರು. "ಅದಿಲ್ಲದೆ ಬ್ಯಾಚ್ ಬಿಡೋದೇ ಇಲ್ಲ" ಅನ್ನುವವರು ಕೆಲವರು. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ. ಯಾವ ಬ್ಯಾಕ್ಟೀರಿಯಾ ಕೊಟ್ಟರು, ಮರಿ ಹುಟ್ಟಿ ಎಷ್ಟು ಹೊತ್ತಾಗಿತ್ತು, ಅದರ ಹಿಂದೆ ಮುಂದೆ ಆಂಟಿಬಯಾಟಿಕ್ ಏನಾದರೂ ಹೋಗಿತ್ತಾ, ಇಷ್ಟು ಗೊತ್ತಾಗದೆ ಯಾರದು ಸರಿ ಅಂತ ಹೇಳೋಕೆ ಬರುವುದಿಲ್ಲ. ಈ ಮೂರೂ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಕೊಡುವ ಹಳೆಯ ಪ್ರಕರಣ ಒಂದಿದೆ. ಫಿನ್ಲೆಂಡಿನದು, 1971ರದು. ಒಳ್ಳೆಯ ಬ್ಯಾಕ್ಟೀರಿಯಾ ಕೊಟ್ಟು ಕೆಟ್ಟದ್ದನ್ನು ಹೊರಗಿಡಬಹುದು ಅನ್ನುವ ಯೋಚನೆ ಕೋಳಿ ಸಾಕಣೆಯಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿದ್ದು ಅಲ್ಲಿಂದ. ಆದರೆ ಅಲ್ಲಿ ನಡೆದದ್ದಕ್ಕೂ ಇವತ್ತು ನಾವು ಪ್ಯಾಕೆಟ್ ಒಡೆದು ನೀರಿಗೆ ಹಾಕುವುದಕ್ಕೂ ಬಹಳ ಅಂತರ ಇದೆ.

ಆಗಿದ್ದೇನು

1971ರಲ್ಲಿ ಫಿನ್ಲೆಂಡಿನ ಬ್ರಾಯ್ಲರ್ ಫಾರಂಗಳಲ್ಲಿ ಸಾಲ್ಮೊನೆಲ್ಲಾ ಇನ್ಫ್ಯಾಂಟಿಸ್ ಅನ್ನುವ ಬ್ಯಾಕ್ಟೀರಿಯಾ ಜೋರಾಗಿ ಹಬ್ಬಿತು. ಅದು ಒಳಗೆ ಬಂದದ್ದು ಫೀಡ್ ಮೂಲಕ. ಫೀಡಿಗೆ ಸೇರಿಸುವ ಕಚ್ಚಾ ಸಾಮಗ್ರಿಯೊಂದರಲ್ಲೇ ಅದು ಸೇರಿಕೊಂಡಿತ್ತು. ಫೀಡ್ ಮಿಲ್ಲಿನಿಂದ ಲಾರಿ ಹತ್ತಿದ ಬ್ಯಾಕ್ಟೀರಿಯಾ ಒಂದು ಶೆಡ್ಡಿಗೆ ಹೋಗಿ ಸುಮ್ನೆ ಕೂರುವುದಿಲ್ಲ ಅಲ್ವಾ, ಅದೇ ಮಿಲ್ಲಿನ ಫೀಡ್ ಹೋದ ಕಡೆಗೆಲ್ಲ ಹೋಗುತ್ತದೆ.

ಈ ಬ್ಯಾಕ್ಟೀರಿಯಾದ ದೊಡ್ಡ ತೊಂದರೆ ಅಂದರೆ, ಅದು ಬಂದಿದೆ ಅಂತ ಕೋಳಿ ನೋಡಿ ಗೊತ್ತಾಗುವುದಿಲ್ಲ. ಕೊಕ್ಕರೆ ರೋಗದಲ್ಲೋ ಗಂಬೋರೋದಲ್ಲೋ ಆಗುವ ಹಾಗೆ ರಾಶಿ ರಾಶಿ ಸಾಯುವುದಿಲ್ಲ. ಕೋಳಿ ತಿನ್ನುತ್ತದೆ, ತೂಕ ಬರುತ್ತದೆ, ಲಾರಿ ಹತ್ತುತ್ತದೆ. ಬ್ಯಾಕ್ಟೀರಿಯಾ ಮಾತ್ರ ಅದರ ಸೀಕಮ್‌ನಲ್ಲಿ ಇರುತ್ತದೆ. ಸೀಕಮ್ ಅಂದರೆ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಕಡೆ ಎರಡೂ ಪಕ್ಕಕ್ಕೆ ಇಳಿಬಿದ್ದಿರುವ, ಒಂದು ತುದಿ ಮುಚ್ಚಿದ ಚೀಲಗಳು. ಕೋಳಿ ಕ್ಲೀನ್ ಮಾಡಿದವರೆಲ್ಲ ಅದನ್ನು ನೋಡಿರುತ್ತಾರೆ, ಒಳಗೆ ಕಂದು ಬಣ್ಣದ ಅಂಟು ಪದಾರ್ಥ ಇರುತ್ತದೆ. ಕೊಯ್ಯುವಾಗ ಕರುಳು ಹರಿದರೆ ಅದು ಮಾಂಸಕ್ಕೆ ತಾಗುತ್ತದೆ. ಅಲ್ಲಿಂದ ಅಡುಗೆಮನೆಯ ಹಲಗೆಗೆ, ಚಾಕುವಿಗೆ, ಮನುಷ್ಯನ ಹೊಟ್ಟೆಗೆ. ಹಾಗಾಗಿ ಇದು ರೈತನ ಮೈಮೇಲೆ ನೇರವಾಗಿ ಬೀಳುವ ನಷ್ಟಕ್ಕಿಂತ ಊಟ ಮಾಡುವವರ ಆರೋಗ್ಯದ ಪ್ರಶ್ನೆ.

ಹೆಲ್ಸಿಂಕಿಯಲ್ಲಿ ಎಸ್ಕೊ ನುರ್ಮಿ ಮತ್ತು ಅವರ ಜೊತೆಗಿದ್ದ ರಂಟಾಲ ಇದರ ಹಿಂದೆ ಬಿದ್ದರು. ಅವರಿಗೆ ಎರಡು ವಿಷಯ ಕಂಡವು. ಒಂದು, ಹೊಸದಾಗಿ ಹುಟ್ಟಿದ ಮರಿಗೆ ಸೋಂಕು ಹತ್ತಲು ಒಂದರಿಂದ ಹತ್ತು ಬ್ಯಾಕ್ಟೀರಿಯಾ ಅದರ ಕ್ರಾಪಿಗೆ, ಅಂದರೆ ಕುತ್ತಿಗೆ ಬುಡದಲ್ಲಿ ತಿಂದದ್ದು ತುಂಬಿಕೊಳ್ಳುವ ಚೀಲಕ್ಕೆ, ಹೋದರೂ ಸಾಕು. ಸಾವಿರ ಅಲ್ಲ, ಲಕ್ಷ ಅಲ್ಲ, ಹತ್ತು. ಎರಡು, ಈ ಅಪಾಯ ಅತಿ ಹೆಚ್ಚು ಇರುವುದು ಮೊದಲ ವಾರದಲ್ಲಿ. ದೊಡ್ಡ ಕೋಳಿ ಅದೇ ಬ್ಯಾಕ್ಟೀರಿಯಾಕ್ಕೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಯಾಕೆ? ದೊಡ್ಡ ಕೋಳಿಯ ಹತ್ತಿರ ಇದ್ದು ಮರಿಯ ಹತ್ತಿರ ಇಲ್ಲದ್ದು ಏನು?

ತಾಯಿ ಇಲ್ಲದ ಮರಿ

ಮನೆಯಲ್ಲಿ ನಾಟಿ ಹೇಂಟೆ ಕಾವು ಕೂತು ಮರಿ ಮಾಡಿದಾಗ ನೋಡಿ. ಮರಿ ಮೊಟ್ಟೆ ಒಡೆದು ಬರುವ ಜಾಗದಲ್ಲೇ ತಾಯಿಯ ಪುಕ್ಕ ಇದೆ, ಹಿಕ್ಕೆ ಇದೆ. ಮಾರನೇ ದಿನ ತಾಯಿ ತಿಪ್ಪೆ ಕೆದಕಿದ ಕಡೆ ಮರಿಯೂ ಕುಕ್ಕುತ್ತದೆ. ದೊಡ್ಡ ಕೋಳಿಯ ಕರುಳಲ್ಲಿರುವ ನೂರಾರು ಬಗೆಯ ಬ್ಯಾಕ್ಟೀರಿಯಾ ಕೆಲವೇ ದಿನದಲ್ಲಿ ಮರಿಯ ಕರುಳಿಗೂ ಬಂದು ಸೇರುತ್ತವೆ. ಯಾರೂ ಹೇಳಿಕೊಡದೆ ನಡೆಯುವ ಕೆಲಸ ಇದು.

ಹ್ಯಾಚರಿಯಲ್ಲಿ ಇದು ನಡೆಯುವುದೇ ಇಲ್ಲ. ಮೊಟ್ಟೆಗೆ ಫ್ಯೂಮಿಗೇಷನ್, ಅಂದರೆ ರೋಗಾಣು ಕೊಲ್ಲುವ ಹೊಗೆ, ಆಗಿರುತ್ತದೆ. ಕಾವು ಕೊಡುವ, ಮರಿ ಮಾಡಿಸುವ ಯಂತ್ರಗಳಾದ ಸೆಟ್ಟರ್, ಹ್ಯಾಚರ್ ಎಲ್ಲ ಆದಷ್ಟು ಶುಚಿ. ಅದು ಶುಚಿಯಾಗಿರಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಅದರ ಪರಿಣಾಮ ಏನು ಅಂದರೆ, ಡಬ್ಬಕ್ಕೆ ಬೀಳುವ ಮರಿಯ ಕರುಳು ಹೆಚ್ಚುಕಡಿಮೆ ಖಾಲಿ. ಅದು ದೊಡ್ಡ ಕೋಳಿಯನ್ನು ನೋಡಿಯೇ ಇಲ್ಲ. ಸೀಕಮ್‌ನಲ್ಲಿ ದೊಡ್ಡ ಕೋಳಿಯ ಹಾಗೆ ಬ್ಯಾಕ್ಟೀರಿಯಾ ತಾನಾಗಿ ಕೂಡಿಕೊಳ್ಳಲು ವಾರಗಟ್ಟಲೆ ಬೇಕು, ಬ್ರಾಯ್ಲರ್ ಕೋಳಿಯ ಆಯಸ್ಸೇ ಅಷ್ಟರಲ್ಲಿ ಮುಗಿಯುತ್ತಾ ಬಂದಿರುತ್ತದೆ. ಆ ಖಾಲಿ ಕರುಳಿಗೆ ಲಿಟರಿನಿಂದಲೋ (ಶೆಡ್ಡಿನ ನೆಲಕ್ಕೆ ಹಾಸುವ ಹೊಟ್ಟು) ಫೀಡಿನಿಂದಲೋ ಮೊದಲು ಬಂದದ್ದು ಸಾಲ್ಮೊನೆಲ್ಲಾ ಆದರೆ ಅದನ್ನು ತಡೆಯುವವರು ಅಲ್ಲಿ ಯಾರೂ ಇಲ್ಲ.

ನುರ್ಮಿ ಮೊದಲು ಮಾಡಿದ್ದು ಇವತ್ತು ನಾವು ಮಾಡುವಂಥದ್ದೇ. ಒಂದು ಲ್ಯಾಕ್ಟೊಬ್ಯಾಸಿಲಸ್ (ಹುಳಿ ಬರಿಸುವ ಒಂದು ಜಾತಿಯ ಬ್ಯಾಕ್ಟೀರಿಯಾ) ತಳಿಯನ್ನು ಮರಿಗಳಿಗೆ ಕೊಟ್ಟು ನೋಡಿದರು. ರಕ್ಷಣೆ ಸಿಗಲಿಲ್ಲ. ಈ ವಿಷಯವನ್ನು ಪ್ರೋಬಯಾಟಿಕ್ ಮಾರುವವರು ಯಾರೂ ಹೇಳುವುದಿಲ್ಲ, ಆದರೆ ಇಡೀ ಪ್ರಕರಣದ ತಿರುವು ಇಲ್ಲಿದೆ. ಒಂದು ತಳಿ ಕೆಲಸ ಮಾಡದಿದ್ದಾಗ ಅವರು, ಹಾಗಾದರೆ ಆರಿಸುವುದೇ ಬೇಡ, ಸೋಂಕು ಹತ್ತದ ದೊಡ್ಡ ಕೋಳಿಯ ಕರುಳಲ್ಲಿ ಇರುವುದನ್ನೆಲ್ಲ ಇದ್ದ ಹಾಗೇ ಕೊಟ್ಟುಬಿಡೋಣ ಅಂತ ಹೊರಟರು.

ಆರೋಗ್ಯವಾಗಿದ್ದ ದೊಡ್ಡ ಕೋಳಿಗಳ ಕ್ರಾಪ್ ಮತ್ತು ಕರುಳಿನ ಒಳಗಿನ ಪದಾರ್ಥವನ್ನು ತೆಗೆದು, ತೆಳ್ಳಗೆ ಮಾಡಿ, ಒಂದೆರಡು ದಿನದ ಮರಿಗಳ ಬಾಯಿಗೆ ಬಿಟ್ಟರು. ಆಮೇಲೆ ಸಾಲ್ಮೊನೆಲ್ಲಾ ಇನ್ಫ್ಯಾಂಟಿಸ್ ಕುಡಿಸಿದರು. ಅದೂ ಒಂದು ಹತ್ತಲ್ಲ, ಸಾವಿರದಿಂದ ಹತ್ತು ಲಕ್ಷದವರೆಗೆ. ಏನೂ ಕೊಡದ ಮರಿಗಳಿಗೆ ಸೋಂಕು ಹತ್ತಿತು. ಕರುಳಿನ ಪದಾರ್ಥ ಕುಡಿದಿದ್ದ ಮರಿಗಳು ದೊಡ್ಡ ಕೋಳಿಯ ಹಾಗೆ ತಡೆದುಕೊಂಡವು. 1973ರಲ್ಲಿ ನುರ್ಮಿ ಮತ್ತು ರಂಟಾಲ ಇದನ್ನು 'ನೇಚರ್' ಪತ್ರಿಕೆಯಲ್ಲಿ ಚಿಕ್ಕ ಲೇಖನವಾಗಿ ಪ್ರಕಟಿಸಿದರು. ಜಗತ್ತು ಅದಕ್ಕೆ ನುರ್ಮಿ ಕಾನ್ಸೆಪ್ಟ್ ಅಂತ ಹೆಸರಿಟ್ಟಿತು. ಕಾಂಪಿಟಿಟಿವ್ ಎಕ್ಸ್‌ಕ್ಲೂಷನ್ ಅಂತಲೂ ಕರೆಯುತ್ತಾರೆ.

ಗಮನಿಸಿ, ಅಲ್ಲಿ ಔಷಧಿ ಇಲ್ಲ, ಲಸಿಕೆ ಇಲ್ಲ. ಮರಿಯ ರೋಗನಿರೋಧಕ ಶಕ್ತಿ ಒಂದು ದಿನದಲ್ಲಿ ಬೆಳೆದುಬಿಡಲಿಲ್ಲ. ತಾಯಿ ಕೊಡಬೇಕಿದ್ದದ್ದನ್ನು ಮನುಷ್ಯ ಕೊಟ್ಟ, ಅಷ್ಟೇ.

ಒಳಗೆ ನಡೆಯುವುದು

ನಮ್ಮ ಕಡೆ ರಶ್ ಇರುವ ಬಸ್ಸಿಗೆ ಹತ್ತುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಸೀಕಮ್‌ನಲ್ಲಿ ನಡೆಯುವ ಮೊದಲ ಕೆಲಸ ಅದೇ. ಕರುಳಿನ ಗೋಡೆಗೆ ಅಂಟಿಕೊಳ್ಳುವ ಜಾಗ ಲೆಕ್ಕಕ್ಕೆ ಸಿಗುವಷ್ಟೇ ಇರುತ್ತದೆ. ಅದನ್ನು ಮೊದಲು ಬಂದವರು ಹಿಡಿಯುತ್ತಾರೆ. ಆಮೇಲೆ ಬಂದ ಸಾಲ್ಮೊನೆಲ್ಲಾ ನಿಲ್ಲಲು ಜಾಗ ಸಿಗದೆ ಹಿಕ್ಕೆಯ ಜೊತೆ ಹೊರಗೆ ಹೋಗುತ್ತದೆ.

ಆದರೆ ಜಾಗ ಒಂದೇ ಕಾರಣ ಅಲ್ಲ. ಸೀಕಮ್‌ನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಆಮ್ಲಜನಕ ತಾಗಿದರೆ ಬದುಕದಂಥವು. ಅವು ಜೀರ್ಣವಾಗದೆ ಉಳಿದ ನಾರು, ಸಕ್ಕರೆಯನ್ನು ಹುಳಿ ಬರಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟೈರಿಕ್ ಆಸಿಡ್ ಮಾಡುತ್ತವೆ. ಈ ಆಸಿಡ್‌ಗಳು ಸಾಲ್ಮೊನೆಲ್ಲಾದ ಮೈಯೊಳಗೆ ನುಗ್ಗಿ ಅದರ ಬೆಳವಣಿಗೆ ತಡೆಯುತ್ತವೆ. ಸುತ್ತಲಿನ ಹುಳಿ ಹೆಚ್ಚಿದಷ್ಟೂ ನುಗ್ಗುವುದು ಸುಲಭ. ಒಂದೆರಡು ದಿನದ ಮರಿಯ ಸೀಕಮ್‌ನಲ್ಲಿ ಈ ಆಸಿಡ್‌ಗಳು ತೀರಾ ಕಡಿಮೆ. ಅದರ ಜೊತೆಗೆ ಊಟದ ಪೈಪೋಟಿ ಇದೆ, ಕೆಲವು ಬ್ಯಾಕ್ಟೀರಿಯಾ ತಮ್ಮ ಪಕ್ಕದವರನ್ನು ಕೊಲ್ಲುವ ಪ್ರೋಟೀನನ್ನೂ ಬಿಡುತ್ತವೆ.

ಈಗ ಲ್ಯಾಕ್ಟೊಬ್ಯಾಸಿಲಸ್ ಒಂದೇ ಯಾಕೆ ಸೋತಿತು ಅನ್ನುವುದು ಸ್ವಲ್ಪ ಸ್ಪಷ್ಟವಾಗುತ್ತದೆ. ಇಷ್ಟೆಲ್ಲ ಕೆಲಸವನ್ನು ಒಬ್ಬರು ಮಾಡಲಾಗುವುದಿಲ್ಲ. ಒಬ್ಬರು ಮಾಡಿದ ಆಸಿಡನ್ನು ಇನ್ನೊಬ್ಬರು ತಿಂದು ಬೇರೆ ಆಸಿಡ್ ಮಾಡುತ್ತಾರೆ. ಊರಿಗೆ ಊರೇ ಬರಬೇಕು.

ಲ್ಯಾಬಿನಿಂದ ಹ್ಯಾಚರಿಗೆ

ಇನ್ನೊಂದು ಕೋಳಿಯ ಕರುಳಿನ ಪದಾರ್ಥವನ್ನು ಲಕ್ಷಾಂತರ ಮರಿಗಳಿಗೆ ಕೊಡುವುದು ಅಂದರೆ ಭಯದ ಕೆಲಸವೇ. ಆ ಕೋಳಿಯಲ್ಲಿ ಬೇರೆ ರೋಗ ಇದ್ದರೆ ಅದನ್ನೂ ಹಂಚಿದಂತೆ. ಅದಕ್ಕೇ ದಾನಿ ಕೋಳಿಯನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕಾಯಿತು. ಸೀಕಮ್‌ನ ಪದಾರ್ಥವನ್ನು ಆಮ್ಲಜನಕ ಇಲ್ಲದ ಕಡೆ ಬೆಳೆಸಿ, ರೋಗಾಣು ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬಳಸುವ ಪದ್ಧತಿ ಬಂತು. ಫಿನ್ಲೆಂಡಿನ ಓರಿಯನ್ ಕಂಪನಿ 1987ರಲ್ಲಿ ಬ್ರಾಯ್ಲಾಕ್ಟ್ ಅನ್ನುವ ಹೆಸರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ 32 ಬಗೆಯ ಬ್ಯಾಕ್ಟೀರಿಯಾ, ಅದರಲ್ಲಿ 22 ಆಮ್ಲಜನಕ ಸಹಿಸದವು.

ಕೊಡುವ ವಿಧಾನ ನೋಡಲು ಚೆಂದ. ಒಂದೊಂದೇ ಮರಿಯ ಬಾಯಿ ಬಿಡಿಸಿ ಕುಡಿಸುತ್ತಾ ಕೂತರೆ ಹ್ಯಾಚರಿ ನಡೆಯುತ್ತದಾ? ಮರಿ ಡಬ್ಬದಲ್ಲಿರುವಾಗಲೇ ಮೇಲಿಂದ ದಪ್ಪ ಹನಿಯಾಗಿ ಸ್ಪ್ರೇ ಮಾಡುತ್ತಾರೆ. ಹನಿ ಪುಕ್ಕದ ಮೇಲೆ ಮಿನುಗುತ್ತಾ ನಿಲ್ಲುತ್ತದೆ. ಮರಿಗೆ ಮಿನುಗುವುದೆಲ್ಲ ಕುಕ್ಕುವ ವಸ್ತು. ತನ್ನ ಮೈಮೇಲಿನದನ್ನು ಕೊಕ್ಕಿನಲ್ಲಿ ಸವರಿಕೊಳ್ಳುತ್ತದೆ, ಪಕ್ಕದ ಮರಿಯ ಬೆನ್ನ ಮೇಲಿನದನ್ನೂ ಕುಕ್ಕುತ್ತದೆ. ಫಾರಂ ತಲುಪಿ ಮೊದಲ ಗುಟುಕು ಫೀಡ್ ತಿನ್ನುವ ಮೊದಲೇ ಕರುಳಿಗೆ ಜನ ಬಂದಾಗಿರುತ್ತದೆ. ನನ್ನ ಪ್ರಕಾರ ಈ ಪ್ರಕರಣದ ಜೀವಾಳ ಇಲ್ಲಿದೆ: ಬ್ಯಾಕ್ಟೀರಿಯಾ ಎಷ್ಟು ಅನ್ನುವುದಕ್ಕಿಂತ ಎಷ್ಟು ಬೇಗ ಅನ್ನುವುದು.

ಅಮೆರಿಕದಲ್ಲಿ ಇದೇ ದಾರಿ ಹಿಡಿದವರಿಗೆ ಕಾನೂನಿನ ತೊಡಕಾಯಿತು. ಒಳಗೆ ಏನೇನಿದೆ ಅಂತ ಪೂರ್ತಿ ಹೇಳಲಾಗದ ಮಿಶ್ರಣಕ್ಕೆ ಅಲ್ಲಿನ ಎಫ್‌ಡಿಎ, ಅಂದರೆ ಆಹಾರ ಮತ್ತು ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ, ಒಪ್ಪಿಗೆ ಕೊಡುವುದು ಕಷ್ಟ. ಟೆಕ್ಸಸ್‌ನ ಕಾಲೇಜ್ ಸ್ಟೇಷನ್‌ನಲ್ಲಿದ್ದ ಸರ್ಕಾರಿ ಕೃಷಿ ಸಂಶೋಧಕರು ಸೀಕಮ್‌ನ ಬ್ಯಾಕ್ಟೀರಿಯಾಗಳನ್ನು ನಿರಂತರವಾಗಿ ಬೆಳೆಸುವ ಪಾತ್ರೆಯಲ್ಲಿಟ್ಟು, ಕೊನೆಗೆ ಒಟ್ಟಿಗೆ ಹೊಂದಿಕೊಂಡು ಉಳಿದ 29 ಬಗೆಗಳನ್ನು ಗುರುತಿಸಿದರು. ಪ್ರಿಎಂಪ್ಟ್ ಅನ್ನುವ ಆ ಮಿಶ್ರಣಕ್ಕೆ 1998ರ ಮಾರ್ಚ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ನುರ್ಮಿಯ ಲೇಖನ ಬಂದು 25 ವರ್ಷ ಆಗಿತ್ತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಫಿನ್ಲೆಂಡಿನಲ್ಲಿ ಸಾಲ್ಮೊನೆಲ್ಲಾ ಇಳಿದದ್ದು ಈ ಸ್ಪ್ರೇ ಒಂದರಿಂದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಫೀಡಿನ ಮೇಲೆ ಕಣ್ಣಿಟ್ಟರು, ತಾಯಿಕೋಳಿ ಫಾರಂಗಳನ್ನು ಮೇಲಿಂದ ಮೇಲೆ ಪರೀಕ್ಷೆ ಮಾಡಿದರು, ಸೋಂಕು ಸಿಕ್ಕ ಹಿಂಡನ್ನು ಹಾಗೇ ಬಿಡಲಿಲ್ಲ. 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರುವಾಗ ತಮ್ಮ ದೇಶಕ್ಕೆ ಬರುವ ಕೋಳಿಮಾಂಸದ ಮೇಲೂ ಸಾಲ್ಮೊನೆಲ್ಲಾ ಖಾತ್ರಿ ಕೇಳಿ ಪಡೆದರು. ಮರಿಯ ಕರುಳನ್ನು ಮೊದಲೇ ತುಂಬಿಸುವುದು ಈ ಸಾಲಿನಲ್ಲಿ ಒಂದು ಕೊಂಡಿ.

ಪ್ರಿಬಯಾಟಿಕ್ ಸೇರಿದ್ದು

ಬ್ಯಾಕ್ಟೀರಿಯಾ ಕೊಟ್ಟ ಮೇಲೆ ಅವಕ್ಕೆ ಊಟ ಬೇಡವಾ? ಆ ಊಟಕ್ಕೆ ಪ್ರಿಬಯಾಟಿಕ್ ಅನ್ನುವ ಹೆಸರು ಬಂದದ್ದು 1995ರಲ್ಲಿ, ಆದರೆ ಕೋಳಿಯಲ್ಲಿ ಅದರ ಪ್ರಯೋಗ ಅದಕ್ಕೂ ಮೊದಲೇ ನಡೆದಿತ್ತು. ಟೆಕ್ಸಸ್‌ನ ಅದೇ ಸಂಶೋಧಕರು ಮರಿಗಳಿಗೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಕೊಟ್ಟು ನೋಡಿದರು. ಕೋಳಿಗೆ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ. ಆದ್ದರಿಂದಲೇ ಅದು ಕೆಲಸಕ್ಕೆ ಬರುತ್ತದೆ. ಸಣ್ಣ ಕರುಳಲ್ಲಿ ಖರ್ಚಾಗದೆ ನೇರ ಸೀಕಮ್‌ಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಆಸಿಡ್ ಮಾಡುತ್ತವೆ, ಸಾಲ್ಮೊನೆಲ್ಲಾ ಕಡಿಮೆಯಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾ ಮಿಶ್ರಣ ಮತ್ತು ಲ್ಯಾಕ್ಟೋಸ್ ಎರಡೂ ಸೇರಿದಾಗ ಫಲ ಇನ್ನೂ ಚೆನ್ನಾಗಿತ್ತು.

ಮರಿ ಇಳಿಸಿದ ತಕ್ಷಣ ನಮ್ಮಲ್ಲಿ ಬೆಲ್ಲದ ನೀರು ಕೊಡುತ್ತಾರಲ್ಲ, ಅದು ಪ್ರಿಬಯಾಟಿಕ್ ಆಗುತ್ತದಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಬೆಲ್ಲ ಸಣ್ಣ ಕರುಳಲ್ಲೇ ಜೀರ್ಣವಾಗಿ ರಕ್ತಕ್ಕೆ ಹೋಗುತ್ತದೆ. ದೂರದಿಂದ ಬಂದು ದಣಿದ ಮರಿಗೆ ಅದು ಶಕ್ತಿ, ಒಳ್ಳೆಯದೇ, ಆದರೆ ಸೀಕಮ್‌ನ ಬ್ಯಾಕ್ಟೀರಿಯಾಕ್ಕೆ ಅದರಲ್ಲಿ ಪಾಲಿಲ್ಲ.

ಇನ್ನೊಂದು ಬಗೆ ಈಸ್ಟಿನ ಜೀವಕೋಶದ ಗೋಡೆಯಿಂದ ತೆಗೆಯುವ, ಮ್ಯಾನೋಸ್ ಅನ್ನುವ ಸಕ್ಕರೆ ಇರುವ ಎಂಒಎಸ್. ಅದರ ಉಪಾಯ ಬೇರೆ. ಸಾಲ್ಮೊನೆಲ್ಲಾದ ಮೈಮೇಲೆ ಕೂದಲಿನಂಥ ಎಳೆಗಳಿರುತ್ತವೆ. ಕರುಳಿನ ಗೋಡೆಯಲ್ಲೂ ಇರುವ ಈ ಮ್ಯಾನೋಸನ್ನು ಹುಡುಕಿ ಆ ಎಳೆಗಳಿಂದ ಅಂಟಿಕೊಳ್ಳುತ್ತದೆ. ಫೀಡಿನಲ್ಲೇ ಮ್ಯಾನೋಸ್ ತೇಲುತ್ತಿದ್ದರೆ ಅದಕ್ಕೇ ಅಂಟಿಕೊಂಡು ಹೊರಗೆ ಹೋಗುತ್ತದೆ. 1989ರಲ್ಲಿ ಕುಡಿಯುವ ನೀರಿಗೆ ಮ್ಯಾನೋಸ್ ಹಾಕಿದ ಪ್ರಯೋಗದಲ್ಲೇ ಮರಿಗಳಲ್ಲಿ ಸಾಲ್ಮೊನೆಲ್ಲಾ ಟೈಫಿಮ್ಯುರಿಯಮ್ ನೆಲೆಸುವುದು ಕಡಿಮೆಯಾದದ್ದು ಕಂಡಿತ್ತು. ಈ ಎಳೆಗಳಿಲ್ಲದ ಬ್ಯಾಕ್ಟೀರಿಯಾಕ್ಕೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಎಲ್ಲಿ ಸೋಲುತ್ತದೆ

ಮರಿ ಹ್ಯಾಚರಿಯಿಂದಲೇ ಸಾಲ್ಮೊನೆಲ್ಲಾ ಹೊತ್ತು ಬಂದರೆ ಆಟ ಅರ್ಧ ಮುಗಿದ ಹಾಗೆ. ಸೀಟು ಆಗಲೇ ಹೋಗಿದೆ. ಚಳಿ, ನೀರು ಸಿಗದಿರುವುದು, ಉದ್ದ ಪ್ರಯಾಣ ಇವೂ ಕರುಳಿನ ರಕ್ಷಣೆಯನ್ನು ಸಡಿಲ ಮಾಡುತ್ತವೆ.

ಎಲ್ಲಕ್ಕಿಂತ ದೊಡ್ಡ ಶತ್ರು ಆಂಟಿಬಯಾಟಿಕ್. ನಮ್ಮಲ್ಲಿ ಎಷ್ಟೋ ಕಡೆ ಮರಿ ಇಳಿಸಿದ ದಿನದಿಂದ ಮೂರರಿಂದ ಐದು ದಿನ, ರೋಗ ಇರಲಿ ಬಿಡಲಿ, ಎನ್ರೋಫ್ಲಾಕ್ಸಸಿನ್ ಥರದ್ದು ನೀರಿಗೆ ಹಾಕುವುದು ರೂಢಿ. ಅದರ ಜೊತೆಗೇ ಅದೇ ವಾರ ಪ್ರೋಬಯಾಟಿಕ್ಕೂ ಹೋಗುತ್ತದೆ. ಒಂದು ಕೈಯಲ್ಲಿ ನೆಟ್ಟು ಇನ್ನೊಂದು ಕೈಯಲ್ಲಿ ಕಿತ್ತಂತೆ ಅದು. ಕರುಳಿನ ಬ್ಯಾಕ್ಟೀರಿಯಾ ಕೂಡಿಕೊಳ್ಳಬೇಕಾದ ಅತಿ ಮುಖ್ಯ ದಿನಗಳಲ್ಲೇ ನಾವು ಅವನ್ನು ಅಳಿಸುತ್ತಿದ್ದೇವೆ, ಆಮೇಲೆ ಪ್ರೋಬಯಾಟಿಕ್ ಕೆಲಸ ಮಾಡಲಿಲ್ಲ ಅನ್ನುತ್ತೇವೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಯಾಕೆಂದರೆ ಎರಡಕ್ಕೂ ರೈತನೇ ದುಡ್ಡು ಕೊಟ್ಟಿರುತ್ತಾನೆ. ಯುರೋಪಿಯನ್ ಒಕ್ಕೂಟ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಹಾಕುವುದನ್ನು 2006ರ ಜನವರಿಯಿಂದ ನಿಲ್ಲಿಸಿತು. ಭಾರತದಲ್ಲಿ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು 2019ರ ಜುಲೈನಲ್ಲಿ ನಿಷೇಧಿಸಿದರು. ಮನುಷ್ಯರಿಗೆ ಬೇರೆ ಔಷಧಿ ಯಾವುದೂ ನಾಟದಾಗ ಕೊನೆಗೆ ಉಳಿಯುವ ಔಷಧಿ ಅದು. ನಿಜವಾಗಿ ರೋಗ ಬಂದು ಆಂಟಿಬಯಾಟಿಕ್ ಕೊಡಲೇಬೇಕಾದರೆ ಪಶುವೈದ್ಯರು ಹೇಳಿದಂತೆ ಕೊಟ್ಟು, ಕೋರ್ಸ್ ಮುಗಿದ ಮೇಲೆ ಪ್ರೋಬಯಾಟಿಕ್ ಕೊಡುವುದು ಸರಿಯಾದ ಕ್ರಮ.

ನೀರಿನ ಕ್ಲೋರಿನ್ ಕೂಡ ಹಾಗೆಯೇ. ಲಸೋಟ ಲಸಿಕೆ ಕುಡಿಸುವ ದಿನ ಸ್ಯಾನಿಟೈಸರ್ ನಿಲ್ಲಿಸುತ್ತೀರಿ ಅಲ್ವಾ? ಪ್ರೋಬಯಾಟಿಕ್ ನೀರಿಗೂ ಅದೇ ನಿಯಮ. ಜೀವ ಇರುವ ವಸ್ತು ಅದು.

ಇನ್ನು ಪ್ಯಾಕೆಟ್ ವಿಷಯ. ನಮಗೆ ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಬ್ರಾಯ್ಲಾಕ್ಟ್ ಥರದವಲ್ಲ. ಒಂದೆರಡು, ಹೆಚ್ಚೆಂದರೆ ಬೆರಳೆಣಿಕೆಯಷ್ಟು ತಳಿಗಳು ಇರುತ್ತವೆ, ಲ್ಯಾಕ್ಟೊಬ್ಯಾಸಿಲಸ್, ಬ್ಯಾಸಿಲಸ್, ಈಸ್ಟ್. ಹಾಗಂತ ಅವೆಲ್ಲ ವ್ಯರ್ಥ ಅಂತಲ್ಲ. ಸರಿಯಾಗಿ ಆರಿಸಿದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಮಿಶ್ರಣಗಳು ಮರಿಗಳಲ್ಲಿ ಸಾಲ್ಮೊನೆಲ್ಲಾ ತಗ್ಗಿಸಿದ್ದನ್ನು ಅಮೆರಿಕದ ಅರ್ಕಾನ್ಸಾಸ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಬ್ಯಾಸಿಲಸ್ ಸಬ್ಟಿಲಿಸ್‌ನ ಬೀಜಕಣಗಳನ್ನು ಮೊದಲೇ ಕೊಟ್ಟ ಮರಿಗಳಲ್ಲಿ ಸಾಲ್ಮೊನೆಲ್ಲಾ, ಕ್ಲಾಸ್ಟ್ರಿಡಿಯಮ್ ಎರಡೂ ಕಡಿಮೆ ನೆಲೆಸಿದ್ದು ಇಂಗ್ಲೆಂಡಿನ ಪ್ರಯೋಗದಲ್ಲಿ ಕಂಡಿದೆ. ಬ್ಯಾಸಿಲಸ್‌ಗೆ ಇನ್ನೊಂದು ಅನುಕೂಲ, ಪೆಲೆಟ್ ಮಾಡುವಾಗಿನ ಬಿಸಿಯನ್ನು ಅದರ ಬೀಜಕಣ ತಡೆದುಕೊಳ್ಳುತ್ತದೆ. ಲ್ಯಾಕ್ಟೊಬ್ಯಾಸಿಲಸ್ ಸಾಮಾನ್ಯವಾಗಿ ತಡೆಯುವುದಿಲ್ಲ, ಅದನ್ನು ನೀರಲ್ಲೇ ಕೊಡಬೇಕು. ಬೇಸಿಗೆಯಲ್ಲಿ ಕೋಳಿಗೆ ಮಜ್ಜಿಗೆ ಕೊಡುವವರಿದ್ದಾರೆ, ಕೊಡಲಿ, ಆದರೆ ಫಿನ್ಲೆಂಡಿನ ಸ್ಪ್ರೇಗೆ ಅದು ಸಮ ಅಂತ ಲೆಕ್ಕ ಹಾಕಬೇಡಿ.

ಕೊಳ್ಳುವಾಗ ತಳಿಯ ಪೂರ್ತಿ ಹೆಸರು ಇದೆಯಾ, ಒಂದು ಗ್ರಾಮಿಗೆ ಎಷ್ಟು ಸಿಎಫ್‌ಯು (ಜೀವಂತ ಬ್ಯಾಕ್ಟೀರಿಯಾದ ಲೆಕ್ಕ), ಯಾವ ತಾರೀಖಿನವರೆಗೆ ಅಂತ ನೋಡಿ. ಬಿಸಿಲಿಗೆ ಬಿದ್ದಿರುವ ಶೆಲ್ಫಿನಿಂದ ತೆಗೆದುಕೊಡುವ ಪ್ಯಾಕೆಟ್ ಬೇಡ. ಹ್ಯಾಚರಿಯವರನ್ನು ಕೇಳಿ, ಡಬ್ಬದಲ್ಲೇ ಸ್ಪ್ರೇ ಮಾಡಿ ಕಳಿಸುತ್ತೀರಾ ಅಂತ. ಆಗುವುದಿಲ್ಲ ಅಂದರೆ ಬ್ರೂಡರಿನ (ಮರಿಗಳನ್ನು ಬೆಚ್ಚಗಿಡುವ ಜಾಗದ) ಮೊದಲ ನೀರಿನಲ್ಲೇ ಕೊಡಿ, ಮೂರನೇ ವಾರಕ್ಕೆ ಕಾಯಬೇಡಿ.

ಈ ಕಥೆ ಓದಿದ ಯಾರಾದರೂ ಹಳೆಯ ಕೋಳಿಯ ಹಿಕ್ಕೆಯನ್ನೋ ಲಿಟರನ್ನೋ ಮರಿಗೆ ಹಾಕಲು ಹೊರಟರೆ, ದಯವಿಟ್ಟು ಬೇಡ. ಕಾಕ್ಸಿಡಿಯಾ, ಮ್ಯಾರೆಕ್ಸ್, ಇ. ಕೋಲಿ ಥರದ ರೋಗ, ರೋಗಾಣು ಎಲ್ಲ ಅದರ ಜೊತೆಗೇ ಬರುತ್ತವೆ. ಫಿನ್ಲೆಂಡಿನವರು ದಾನಿ ಕೋಳಿಯನ್ನು ಪರೀಕ್ಷಿಸಲು ಪಟ್ಟ ಶ್ರಮವೇ ಆ ಉತ್ಪನ್ನದ ಅರ್ಧ ಬೆಲೆ ಅಂದುಕೊಳ್ಳಿ.

ಕ್ಯಾಂಪಿಲೊಬ್ಯಾಕ್ಟರ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಇದೆ, ಕೋಳಿಮಾಂಸದಿಂದ ಮನುಷ್ಯರಿಗೆ ಬರುವ ಭೇದಿಗೆ ದೊಡ್ಡ ಕಾರಣ. ಅದೂ ಸೀಕಮ್‌ನಲ್ಲೇ ಇರುತ್ತದೆ. ಆದರೆ ನುರ್ಮಿಯ ವಿಧಾನ ಸಾಲ್ಮೊನೆಲ್ಲಾದ ಮೇಲೆ ಗೆದ್ದಷ್ಟು ಅದರ ಮೇಲೆ ಗೆದ್ದಿಲ್ಲ. ಅದು ಬರುವುದೇ ತಡವಾಗಿ, ಸಾಮಾನ್ಯವಾಗಿ ಎರಡನೇ ಮೂರನೇ ವಾರದಲ್ಲಿ, ಕರುಳು ತುಂಬಿದ ಮೇಲೂ ತನ್ನ ಜಾಗ ಮಾಡಿಕೊಳ್ಳುತ್ತದೆ. ಅದಕ್ಕೆ ಸದ್ಯಕ್ಕೆ ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬದಲಿಸುವುದು, ನೊಣ ಇಲಿ ತಡೆಯುವುದು, ಅಡುಗೆಮನೆಯಲ್ಲಿ ಮಾಂಸ ಚೆನ್ನಾಗಿ ಬೇಯಿಸುವುದು ಇವನ್ನೇ ನಂಬಬೇಕು.